ತುಂಗಭದ್ರೆಯ ಬಯಲಿನಲ್ಲಿ ಮಿಕ್ಕ ಅನ್ನದ ಕತೆ

ಕಳೆದ ಬೇಸಿಗೆಯಲ್ಲಿ ಗಂಗಾವತಿ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಯುವಾಗ ಮೂರೂವರೆ. ಮಂಟಪದ ಹಿಂದೆ ಅಡುಗೆಯವರು ಅನ್ನದ ಡಬರಿ ಬಗ್ಗಿಸುತ್ತಿದ್ದರು. ಬಿಳಿ ಅನ್ನ, ಅದರ ಮೇಲೆ ಸಾರು, ಅರ್ಧ ಕಚ್ಚಿದ ಜಿಲೇಬಿ, ನಡುನಡುವೆ ಪೇಪರ್ ಪ್ಲೇಟು. ಎರಡು ಆಕಳು ಬಂದು ನಿಂತಿದ್ದವು. ಒಂದು ಅನ್ನ ಬಿಟ್ಟು ಪ್ಲೇಟನ್ನೇ ಅಗಿಯುತ್ತಿತ್ತು. "ಈ ಬಿಸಲಿಗೆ ರಾತ್ರಿಗೇ ಹಳಸ್ತೈತ್ರೀ, ಏನ್ ಮಾಡೋದು" ಎಂದ ಅಡುಗೆಯವ.

ಅದೇ ಮೂಲೆಯಲ್ಲಿ ಬುಟ್ಟಿಯೊಳಗೆ ಖಡಕ್ ರೊಟ್ಟಿಯೂ ಮಿಕ್ಕಿತ್ತು. ಅದನ್ನು ಯಾರೂ ಚೆಲ್ಲಲಿಲ್ಲ. ಹೆಣ್ಣಿನ ಕಡೆಯ ಹಿರಿಯಮ್ಮ ಒಬ್ಬರು ಹಳೇ ಧೋತರದಲ್ಲಿ ಗಂಟು ಕಟ್ಟಿ ಗಾಡಿಗೆ ಏರಿಸಿದರು.

ಜನಕ್ಕೆ ಸೊಕ್ಕು ಬಂದಿದೆ, ಅದಕ್ಕೇ ಅನ್ನ ಚೆಲ್ತಾರೆ ಅಂತ ಹೇಳಿಬಿಡುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಎಪ್ಪತ್ತು ವರ್ಷದ ಹಿಂದೆ ಈ ಊರುಗಳಲ್ಲಿ ಚೆಲ್ಲುವಂಥ ಅನ್ನವೇ ಇರಲಿಲ್ಲ.

ಹಂಪಿ, ಆನೆಗೊಂದಿ ಸುತ್ತ ವಿಜಯನಗರ ಕಾಲದ ಕಾಲುವೆಗಳಿದ್ದವು. ಅಲ್ಲಿ ಭತ್ತ ಹಳೆಯದೇ. ಉಳಿದ ರಾಯಚೂರು, ಕೊಪ್ಪಳ, ಬಳ್ಳಾರಿಯ ಎರೆ ಹೊಲದಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಬಿಳಿ ಜೋಳ. ಅಕ್ಕಿ ಅನ್ನ ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ. ಉಂಡ ಋಣಕ್ಕೆ ಹಳೆಗನ್ನಡದಲ್ಲಿ ಇರುವ ಮಾತೇ 'ಜೋಳವಾಳಿ'. ಒಡೆಯನ ಜೋಳ ತಿಂದವನು ಅವನಿಗಾಗಿ ಕಾದಾಡಬೇಕು ಅಂತ. ಅನ್ನದ ಋಣ ಅನ್ನುವ ಮಾತು ಇಲ್ಲಿ ಮೊದಲು ಜೋಳದ ಋಣವೇ ಆಗಿತ್ತು.

ಆ ಜೋಳದ ಮನೆಯಲ್ಲಿ ದಂಡ ಅನ್ನುವುದು ಕಡಿಮೆ. ಕಾಳು ಹಗೇವಿಗೆ ಹೋಗುತ್ತಿತ್ತು. ನೆಲದಲ್ಲಿ ತೋಡಿದ ಗುಂಡಿ, ಒಳಗೆ ಸುತ್ತ ಒಣ ಹುಲ್ಲು, ಮೇಲೆ ಬಾಯಿಗೆ ಮಣ್ಣು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡಬೇಕು, ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ದಂಟೆಲ್ಲ ಕಣಕಿಯಾಗಿ ದನಕ್ಕೆ. ರೊಟ್ಟಿ ಮಿಕ್ಕರೆ ಒಣಗಿ ಖಡಕ್ ಆಗುತ್ತದೆ. ಮುರಿದು ಮಜ್ಜಿಗೆಗೆ ಹಾಕಿದರೆ ಮರುದಿನದ ಬುತ್ತಿ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿದರೆ ಮುಟಗಿ. ಪಾತ್ರೆ ತೊಳೆದ ಮುಸುರಿ ನೀರೂ ಎಮ್ಮೆಯ ಬಾನಿಗೆ. ತಿಪ್ಪೆಗೆ ಹೋಗುತ್ತಿದ್ದದ್ದು ಬೂದಿ, ಸಗಣಿ. ಅದು ಮತ್ತೆ ಹೊಲಕ್ಕೆ.

ಇದನ್ನು ಸ್ವರ್ಗ ಅಂತ ಹೇಳುತ್ತಿಲ್ಲ. ಇದೇ ನೆಲ 1876-78ರ ಬರದಲ್ಲಿ ಹಸಿದು ಸತ್ತ ನೆಲ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ನಿಜಾಮನ ಕೈಯಲ್ಲಿತ್ತು. ಮಳೆ ಕೈಕೊಟ್ಟರೆ ಹಗೇವು ಎಷ್ಟು ದಿನ ಕಾಪಾಡೀತು?

ಅದಕ್ಕೇ ಹೊಳೆಗೆ ಅಣೆಕಟ್ಟು ಕಟ್ಟುವ ಮಾತು ಮತ್ತೆ ಮತ್ತೆ ಎದ್ದಿತು. 1945ರಲ್ಲಿ ತುಂಗಭದ್ರೆಗೆ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ಇಲ್ಲೊಂದು ವಿಚಿತ್ರ ಇದೆ. ಎಡದಂಡೆ ಕಾಲುವೆಯನ್ನು ಮಾಡಿದ್ದು ಮುಖ್ಯವಾಗಿ ಭತ್ತಕ್ಕಲ್ಲ. ಸ್ವಲ್ಪ ನೀರು, ದೂರದ ಹೊಲದವರೆಗೂ. ಜೋಳ, ಹತ್ತಿ, ಶೇಂಗಾ ಬರಕ್ಕೆ ಒಣಗದ ಹಾಗೆ ಕಾಯುವ ಲಘು ನೀರಾವರಿ ಅದು. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು.

ಕಪ್ಪು ಎರೆಗೆ ನೀರು ಹಾಯಿಸಿ ಇಲ್ಲಿನ ರೈತನಿಗೆ ರೂಢಿ ಇರಲಿಲ್ಲ. ಆಗ ಕರಾವಳಿ ಆಂಧ್ರದ ರೈತರು ಬಂದರು. ಹೊಲ ಕೊಂಡರು, ಸಮ ಮಾಡಿದರು, ಬದು ಕಟ್ಟಿ ಗದ್ದೆ ಮಾಡಿದರು. ಅವರ ವಸತಿಗಳೇ ಇವತ್ತಿಗೂ 'ಕ್ಯಾಂಪ್'ಗಳು. ಗಂಗಾವತಿ, ಸಿಂಧನೂರು ಕಡೆ ಬಸ್ಸಿನಲ್ಲಿ ಹೋದರೆ ಕಂಡಕ್ಟರ್ ಕೂಗುವ ಅರ್ಧ ಹೆಸರು ಕ್ಯಾಂಪಿನವೇ. ಅವರನ್ನು ನೋಡಿ ನಮ್ಮವರೂ ಕಲಿತರು. ಭತ್ತದಲ್ಲಿ ರೊಕ್ಕ ಕಂಡಿತು, ರೈಸ್‌ಮಿಲ್ ಬಂದವು, ಗಂಗಾವತಿ ಭತ್ತದ ಕಣಜ ಆಯಿತು. ಮೇಲಿನವರು ಗದ್ದೆ ತುಂಬಿಸಿಕೊಂಡ ಮೇಲೆ ಕೆಳಗೆ ಏನು ಉಳಿಯುತ್ತದೆ? ಮಾನ್ವಿ, ರಾಯಚೂರಿನ ಕೆಳಭಾಗದ ರೈತರು ಇವತ್ತಿಗೂ ಕಾಲುವೆ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಮೇಲೆ ನೀರು ನಿಂತು ನಿಂತು ಎಷ್ಟೋ ಎರೆ ಹೊಲ ಸವಳು ಆಯಿತು. ತೇವ ಏರಿದ ನೆಲದಲ್ಲಿ ಹಗೇವು ತೋಡುವುದೆಲ್ಲಿ?

ತಟ್ಟೆಯಲ್ಲೂ ಇದೇ ಕತೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ತೊಗರಿ, ಹೆಸರು, ಅಲಸಂದಿ ಇರುತ್ತಿದ್ದವು. ಗದ್ದೆಯಲ್ಲಿ ನೀರು ನಿಂತರೆ ಅವಕ್ಕೆ ಜಾಗವಿಲ್ಲ. ರೊಟ್ಟಿಯ ಜೊತೆ ಕಾಳುಪಲ್ಲೆ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಬೇಕೇ ಬೇಕು, ಇಲ್ಲದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ. ಅನ್ನಕ್ಕೆ ನೀರು ಸಾರು ಸಾಕು. ಕಣಕಿಯನ್ನು ಆಸೆಯಿಂದ ಬಣವೆ ಒಟ್ಟುತ್ತಿದ್ದ ಊರಲ್ಲಿ ಈಗ ಮಷಿನ್ ಕೊಯ್ದ ಗದ್ದೆಯ ಹುಲ್ಲಿಗೆ ಕೆಲವರು ಬೆಂಕಿ ಇಡುತ್ತಾರೆ. ಹಟ್ಟಿಯಲ್ಲಿ ಎಮ್ಮೆಯೇ ಇಲ್ಲದ ಮೇಲೆ ಮುಸುರಿ ಹೋಗುವುದು ಗಟಾರಕ್ಕೆ.

2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಕೆ.ಜಿ.ಗೆ 1 ರೂಪಾಯಿ, ಆಮೇಲೆ ಪುಕ್ಕಟೆ. ಆ ಅಕ್ಕಿಯನ್ನು ಹಗುರವಾಗಿ ಮಾತಾಡುವವರ ಜೊತೆ ನಾನಿಲ್ಲ. ಗುಳೆ ಹೋಗುವುದು ಬಿಟ್ಟರೆ ಬೇರೆ ದಾರಿ ಇಲ್ಲದ ಮನೆಗಳಲ್ಲಿ ಅದು ಒಲೆ ಹೊತ್ತಿಸಿದೆ. ಆದರೆ ಜೋಳದ ಸೀಮೆಯಲ್ಲಿ ದಿನವೂ ಎರಡು ಹೊತ್ತು ಬಿಳಿ ಅನ್ನ ಗಟ್ಟಿಯಾದದ್ದು ಇದರಿಂದಲೂ ಹೌದು. ಕೆಲವು ತಿಂಗಳು ರೇಷನ್ನಿನಲ್ಲಿ ಜೋಳ ಬಂದದ್ದೂ ಉಂಟು. ನಮ್ಮ ಓಣಿಗೆ ಒಮ್ಮೆ ಬಂದದ್ದು ಹೈಬ್ರಿಡ್, ಹಿಟ್ಟಿಗೆ ಜಿಗಿ ಇಲ್ಲ. ಬಡಿಯುವಾಗಲೇ ರೊಟ್ಟಿ ಹರಿಯಿತು. ಕೊನೆಗೆ ಕೋಳಿಗೆ ಹಾಕಿದರು.

ಇನ್ನು ಆರೋಗ್ಯ. 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ ಒಂದು ಅಧ್ಯಯನ 2020ರಲ್ಲಿ ಬಂತು. ದಿನಕ್ಕೆ 450 ಗ್ರಾಂ ಮತ್ತು ಅದಕ್ಕಿಂತ ಜಾಸ್ತಿ ಬಿಳಿ ಅನ್ನ ಉಣ್ಣುವವರಿಗೆ ಶುಗರ್ ಬರುವುದು ಹೆಚ್ಚು, ಅದರಲ್ಲೂ ದಕ್ಷಿಣ ಏಷ್ಯಾದವರಿಗೆ ಅಂತ ಅದು ಹೇಳಿತು. ಹೊಲದಲ್ಲಿ ದುಡಿಯುವ ಮೈಗೆ ಅಷ್ಟು ಅನ್ನ ಕರಗೀತು. ಬೈಕು, ಟ್ರ್ಯಾಕ್ಟರು, ಟಿವಿ ಬಂದ ಮೇಲೂ ತಟ್ಟೆಯ ಗುಡ್ಡೆ ಮಾತ್ರ ಇಳಿಯಲಿಲ್ಲ. ಇನ್ನೊಂದು ಕಡೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ ಹೆಂಗಸರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5.

ಅದಕ್ಕೆ ಮದ್ದು ಅಂತ ಸರ್ಕಾರ ರೇಷನ್ ಅಕ್ಕಿಗೆ ಸಾರವರ್ಧಿತ ಕಾಳು ಸೇರಿಸಿತು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಅಕ್ಕಿಯ ಹಾಗೇ ಒತ್ತಿದ ಕಾಳು. ನೂರು ಕಾಳಿಗೆ ಒಂದರ ಲೆಕ್ಕ. ಅದು ಕೊಂಚ ಬೇರೆ ಬಣ್ಣ, ನೀರಲ್ಲಿ ಕೆಲವು ತೇಲುತ್ತವೆ. ಪಕ್ಕದ ಮನೆಯಾಕೆ ಮೊರ ಹಿಡಿದು ಕಟ್ಟೆ ಮೇಲೆ ಕೂತು ಒಂದೊಂದೇ ಆರಿಸಿ ಬೀದಿಗೆ ಎಸೆಯುವುದನ್ನು ನೋಡಿದೆ. "ಅಕ್ಕಾ, ಯಾಕ್ರೀ ಚೆಲ್ತೀರಿ?" ಎಂದೆ. "ಪ್ಲಾಸ್ಟಿಕ್ ಅಕ್ಕಿ ಐತಿ ತಮ್ಮಾ, ಹುಡುಗರು ಉಂಡ್ರ ಏನಾರ ಆದೀತು" ಎಂದಳು. ರಕ್ತಕ್ಕೆ ಅಂತ ಹಾಕಿದ್ದನ್ನೇ ಆರಿಸಿ ತೆಗೆದು, ಉಳಿದದ್ದನ್ನು ಕುಕ್ಕರಿಗೆ ಇಟ್ಟಳು. ತಪ್ಪು ಅವಳದ್ದು ಅನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕಿ ಚೀಲ ಕೊಟ್ಟವರು ಇದೇನು ಅಂತ ಅವಳಿಗೆ ಒಂದು ಮಾತು ಹೇಳಿರಲಿಲ್ಲ.

ಈಗ ಜೋಳಕ್ಕೆ ಮರ್ಯಾದೆ ಬಂದಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು. 2024-25ಕ್ಕೆ ಕ್ವಿಂಟಲ್ ಮಾಲ್ದಂಡಿ ತಳಿಯ ಜೋಳದ ಬೆಂಬಲ ಬೆಲೆ 3,421 ರೂಪಾಯಿ, ಸಾಮಾನ್ಯ ಭತ್ತದ್ದು 2,300. ಡಾಕ್ಟರು ರೊಟ್ಟಿ ತಿನ್ನಿ ಅನ್ನುತ್ತಾರೆ. ಹೇಳುವುದು ಸುಲಭ, ಬಡಿಯುವವರು ಯಾರು? ಎಸರು ಇಟ್ಟು, ಕೊಣಮಿಗೆಯಲ್ಲಿ ಹಿಟ್ಟು ನಾದಿ, ಹೊಗೆಯಲ್ಲಿ ಕೂತು ಒಂದೊಂದೇ ಬಡಿದು ಹಂಚಿಗೆ ಹಾಕಬೇಕು. ನಮ್ಮವ್ವನ ಬಲ ರಟ್ಟೆ ಈಗಲೂ ನೋಯುತ್ತದೆ. ಮನೆಗೆ ಕುಕ್ಕರ್ ಬಂದ ದಿನ ಅವಳು ಖುಷಿಪಟ್ಟಷ್ಟು ಬೇರೆ ಯಾವುದಕ್ಕೂ ಪಟ್ಟಿರಲಿಕ್ಕಿಲ್ಲ. ಹಳೇ ಊಟ ಎಷ್ಟು ಚೆಂದ ಅನ್ನುವ ಗಂಡಸರು (ನಾನೂ ಅವರಲ್ಲೊಬ್ಬ) ಈ ರಟ್ಟೆಯ ಲೆಕ್ಕ ಇಡುವುದಿಲ್ಲ.

ಹಾಗಾಗಿ ಪೇಟೆಯಲ್ಲಿ ರೊಟ್ಟಿ ಕೇಂದ್ರಗಳು ಎದ್ದಿವೆ. ನಾನು ರೊಟ್ಟಿ ತರುವ ಕಡೆ ನಾಲ್ವರು ಹೆಂಗಸರು ಮುಂಜಾನೆ ಐದಕ್ಕೇ ಒಲೆ ಮುಂದೆ ಕೂರುತ್ತಾರೆ. ಶುಗರ್ ಇರುವವರು, ಮೇಷ್ಟ್ರು, ಬ್ಯಾಂಕಿನವರು ಸಾಲಿನಲ್ಲಿ ನಿಂತಿರುತ್ತಾರೆ. ಆಕಡೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿರುತ್ತದೆ. ಮೊನ್ನೆ ಅವರಲ್ಲಿ ಹಿರಿಯಾಕೆಯನ್ನು ಕೇಳಿದೆ, "ಅಮ್ಮಾ, ಮನ್ಯಾಗ ನೀವೂ ರೊಟ್ಟೀನೇ ಉಣ್ತೀರಾ?" ಆಕೆ ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡರು. "ಎಲ್ಲಿ ರೊಟ್ಟಿ ಬಿಡಪ್ಪಾ. ಮನಿಗೆ ಹೋದ್ರ ಕೈ ಏಳಾಂಗಿಲ್ಲ. ರೇಷನ್ ಅಕ್ಕಿ ಐತಲ್ಲ, ಒಂದ್ ಗ್ಲಾಸ್ ಇಡ್ತೀನಿ."