ಸಪ್ಲಿಮೆಂಟ್, ನಾಟ್ ಸಪ್ಲಾಂಟ್: ಜೊತೆಗೆ ಸರಿ, ಬದಲಿಗೆ ಬೇಡ

ತಂಗಿ ಮಗಳ ಟ್ಯೂಷನ್‌ಗೆ ಅಂತ ಸೋದರಮಾವ ತಿಂಗಳಿಗೆ 2,000 ರೂಪಾಯಿ ಕಳಿಸುತ್ತಾನೆ ಅಂದುಕೊಳ್ಳಿ. ಮೊದಲ ತಿಂಗಳು ಮನೆಯಲ್ಲಿ ಎಲ್ಲರಿಗೂ ಖುಷಿ. ಎರಡನೇ ತಿಂಗಳು ಹುಡುಗಿಯ ಅಪ್ಪ ತಾನು ಕೊಡುತ್ತಿದ್ದ 2,000 ನಿಲ್ಲಿಸುತ್ತಾನೆ. ‘ಭಾವಮೈದ ಕೊಡ್ತಿದ್ದಾನಲ್ಲ, ಇನ್ನು ನಾನ್ಯಾಕೆ?’ ಉಳಿದ ದುಡ್ಡು ಬೈಕಿನ ಕಂತಿಗೆ ಹೋಗುತ್ತದೆ. ಯಾರೂ ಕದ್ದಿಲ್ಲ. ಲೆಕ್ಕವೂ ಸರಿಯಾಗಿಯೇ ಇದೆ. ಆದರೆ ಹುಡುಗಿಗೆ ಸಿಕ್ಕಿದ್ದು ಮೊದಲಿನಷ್ಟೇ. ಮಾವ ತನಗೇ ಗೊತ್ತಿಲ್ಲದೆ ಬೈಕಿನ ಸಾಲ ತೀರಿಸುತ್ತಿದ್ದಾನೆ!

ಅಮೆರಿಕದ ಶಿಕ್ಷಣ ಕಾನೂನುಗಳಲ್ಲಿ ಈ ಅಪ್ಪ ಮಾಡಿದ್ದಕ್ಕೆ ‘ಸಪ್ಲಾಂಟ್’ ಅನ್ನುತ್ತಾರೆ. ಇದ್ದ ದುಡ್ಡನ್ನು ತೆಗೆದು ಅದೇ ಜಾಗಕ್ಕೆ ಬಂದ ದುಡ್ಡನ್ನು ಹಾಕುವುದು. ಮಾವ ಬಯಸಿದ್ದು ‘ಸಪ್ಲಿಮೆಂಟ್’. ಇದ್ದದ್ದು ಇದ್ದಂತೆಯೇ ಇರಲಿ, ಅದರ ಮೇಲೆ ಇದೂ ಸೇರಲಿ ಅಂತ. ಕನ್ನಡದಲ್ಲಿ ‘ಜೊತೆಗೆ’ ಮತ್ತು ‘ಬದಲಿಗೆ’ ಅಂದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ.

ಈ ಮಾತು ಜಾಸ್ತಿ ಕೇಳಿಬರುವ ಕಡೆಗಳಲ್ಲಿ ಒಂದು ಸಿಟಿಇ, ಅಂದರೆ ಕೆರಿಯರ್ ಅಂಡ್ ಟೆಕ್ನಿಕಲ್ ಎಜುಕೇಶನ್. ನಮಗೆ ಥಟ್ಟನೆ ಐಟಿಐ ನೆನಪಾಗುತ್ತದೆ, ಆದರೆ ಅಲ್ಲಿಯದು ಸ್ವಲ್ಪ ಬೇರೆ. ವೆಲ್ಡಿಂಗ್, ಆಟೊ ರಿಪೇರಿ, ಹೋಟೆಲ್ ಅಡುಗೆ, ಆಸ್ಪತ್ರೆ ಕೆಲಸ, ಕೋಡಿಂಗ್ ಎಲ್ಲ ಹೈಸ್ಕೂಲಿನೊಳಗೇ, ಗಣಿತ–ಇಂಗ್ಲಿಷಿನ ಪಕ್ಕದಲ್ಲೇ ನಡೆಯುತ್ತವೆ. ಬೇಕಾದವರು ಮುಂದೆ ಕಮ್ಯುನಿಟಿ ಕಾಲೇಜಿನಲ್ಲಿ ಮುಂದುವರಿಸಬಹುದು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಶಾಲೆಯಲ್ಲಿ ಎಂಜಿನಿಯರಿಂಗ್ ಕ್ಲಾಸ್ ತಗೊಂಡಾಗ, ಅದು ವೆಲ್ಡಿಂಗ್ ಇರುವ ಪಟ್ಟಿಯಲ್ಲೇ ಇದೆ ಅಂತ ಎಷ್ಟೋ ಸಲ ಮನೆಯವರಿಗೆ ಗೊತ್ತಿರುವುದಿಲ್ಲ.

ಇದಕ್ಕೆ ಕೇಂದ್ರದ ದುಡ್ಡು ಬರಲು ಶುರುವಾಗಿದ್ದು 1917ರ ಸ್ಮಿತ್–ಹ್ಯೂಸ್ ಕಾಯ್ದೆಯಿಂದ. ಆಗಿನ ಷರತ್ತು ಸರಳ: ನಾವು ಒಂದು ಡಾಲರ್ ಕೊಟ್ಟರೆ ನೀವೂ ಒಂದು ಡಾಲರ್ ಹಾಕಿ. ಈಗಿರುವುದು ಪರ್ಕಿನ್ಸ್ ಕಾಯ್ದೆ. ಕೆಂಟಕಿಯ ಸಂಸದ ಕಾರ್ಲ್ ಪರ್ಕಿನ್ಸ್ ತೀರಿಕೊಂಡ ವರ್ಷ, 1984ರಲ್ಲಿ, ಅವರ ಹೆಸರಲ್ಲೇ ಬಂತು. ‘ವೊಕೇಶನಲ್’ ಅನ್ನುವ ಹಳೇ ಪದ ಹೋಗಿ ಕಾಯ್ದೆಗೆ ಈಗಿನ ಹೆಸರು ಬಂದದ್ದು 2006ರಲ್ಲಿ. 2018ರಲ್ಲಿ ಮತ್ತೆ ತಿದ್ದುಪಡಿಯಾಯಿತು. ಈಚಿನ ವರ್ಷಗಳಲ್ಲಿ ರಾಜ್ಯಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ಹೋಗುತ್ತಿದೆ. ಈ ದುಡ್ಡಿಗೆ ಅಂಟಿಕೊಂಡ ನಿಯಮವೇ ‘ಸಪ್ಲಿಮೆಂಟ್, ನಾಟ್ ಸಪ್ಲಾಂಟ್’: ಜೊತೆಗೆ ಬಳಸಿ, ಬದಲಿಗೆ ಬೇಡ.

ಈಗ ಒಂದು ವೆಲ್ಡಿಂಗ್ ಶೆಡ್ಡಿಗೆ ಹೋಗೋಣ. ಮೇಷ್ಟ್ರ ಸಂಬಳ, ರಾಡು, ಗ್ಯಾಸ್ ಸಿಲಿಂಡರ್ ಎಲ್ಲ ಸ್ಥಳೀಯ ಶಾಲಾ ಬಜೆಟ್ಟಿನಿಂದ. ಪರ್ಕಿನ್ಸ್ ದುಡ್ಡಲ್ಲಿ ಎರಡು ಹೊಸ ವೆಲ್ಡಿಂಗ್ ಮಷೀನ್ ಬಂದವು. ಇದು ಜೊತೆಗೆ. ಮರುವರ್ಷ ಬಜೆಟ್ ಬಿಗಿಯಾಯಿತು. ಆಫೀಸಿನಲ್ಲಿ ಯಾರೋ ಅಂದರು: ‘ಮೇಷ್ಟ್ರ ಸಂಬಳವನ್ನು ಪರ್ಕಿನ್ಸ್‌ಗೆ ಹಾಕಿಬಿಡೋಣ.’ ಇದು ಬದಲಿಗೆ. ಆಡಿಟರ್ ಬಂದು ಕೇಳುವುದು ಒಂದೇ ಪ್ರಶ್ನೆ: ಹೋದ ವರ್ಷ ಈ ಸಂಬಳ ಕೊಟ್ಟವರು ಯಾರು? ‘ನಾವೇ’ ಅಂದರೆ ಅಲ್ಲಿಗೆ ಅನುಮಾನ ಹುಟ್ಟಿತು. ಬಿಡಿಸಿಕೊಳ್ಳಲು ಒಂದು ದಾರಿಯೂ ಇದೆ. ಈ ದುಡ್ಡು ಬರದಿದ್ದರೆ ದುಡ್ಡಿಲ್ಲದೆ ಈ ಕ್ಲಾಸನ್ನೇ ಮುಚ್ಚುತ್ತಿದ್ದೆವು ಅಂತ ಕಾಗದಪತ್ರ ಇಟ್ಟು ತೋರಿಸಬೇಕು. ಬಾಯಿಮಾತು ನಡೆಯುವುದಿಲ್ಲ.

ಇದರ ಜೋಡಿ ನಿಯಮ ‘ಮೇಂಟೆನೆನ್ಸ್ ಆಫ್ ಎಫರ್ಟ್’. ಅದು ನೋಡುವುದು ಒಂದು ಸಂಬಳವನ್ನಲ್ಲ, ಇಡೀ ರಾಜ್ಯದ ಖರ್ಚನ್ನು. ರಾಜ್ಯ ತನ್ನ ಜೇಬಿನಿಂದ ಸಿಟಿಇಗೆ ಹಾಕುವ ಮೊತ್ತವನ್ನು ವರ್ಷದಿಂದ ವರ್ಷಕ್ಕೆ ಸುಮ್ನೆ ಇಳಿಸುವಂತಿಲ್ಲ. ಒಟ್ಟು ಮೊತ್ತ ನೋಡಬಹುದು, ಇಲ್ಲವೇ ತಲಾ ವಿದ್ಯಾರ್ಥಿಗೆ ಎಷ್ಟು ಅಂತ ನೋಡಬಹುದು. ಕಟ್ಟಡದಂಥ ದೊಡ್ಡ ಬಂಡವಾಳ, ಒಂದೇ ಸಲದ ಖರ್ಚು, ಪ್ರಯೋಗಕ್ಕೆ ನಡೆಸಿದ ಯೋಜನೆ ಇವು ಲೆಕ್ಕಕ್ಕೆ ಬರುವುದಿಲ್ಲ. ನೆರೆ, ಚಂಡಮಾರುತದಂಥ ಆಪತ್ತು ಬಂದರೆ ವಿನಾಯಿತಿ ಕೇಳಬಹುದು.

ಕರ್ನಾಟಕದವರಿಗೆ ಪರಿಚಯ ಇರುವುದು ಬೇರೆ ಲೆಕ್ಕ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 9ನೇ ತರಗತಿಯಿಂದ ವೃತ್ತಿ ವಿಷಯಗಳೂ ಇವೆ. ಅಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಇದು 1917ರ ಪದ್ಧತಿಯ ನೆಂಟ, ನೀನೂ ಹಾಕು ಅನ್ನುವುದು. ಪರ್ಕಿನ್ಸ್ ನಿಯಮ ಮುಖ್ಯವಾಗಿ ಕೇಳುವುದು ಇನ್ನೊಂದನ್ನು: ಹಾಕುತ್ತಿದ್ದದ್ದನ್ನು ನಿಲ್ಲಿಸಬೇಡ.

ಅನುದಾನ ಉಳಿಸಿ ಅಂದಾಗ ಎಲ್ಲರ ಕಣ್ಣು ವಾಷಿಂಗ್ಟನ್ ಮೇಲೆ. 2017ರಲ್ಲಿ ಅಧ್ಯಕ್ಷರ ಬಜೆಟ್ ಪರ್ಕಿನ್ಸ್‌ಗೆ ಸುಮಾರು ಶೇ 15 ಕಡಿತ ಸೂಚಿಸಿದಾಗ ದೊಡ್ಡ ಗದ್ದಲವಾಯಿತು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಪ್ಪಲಿಲ್ಲ, ಬದಲಿಗೆ ಮೊತ್ತ ಏರಿಸಿತು. (ಇಲ್ಲಿ ‘ಬದಲಿಗೆ’ ಒಳ್ಳೇ ಅರ್ಥದಲ್ಲಿ ಬಂತು, ಕ್ಷಮಿಸಿ.) ಅಂಥ ಕಡಿತ ಪೇಪರಿನಲ್ಲಿ ಬರುತ್ತದೆ, ಜನ ಕೂಗುತ್ತಾರೆ. ಮನೆಯೊಳಗೇ ಅಪ್ಪ ಕೈ ಹಿಂದೆಗೆದುಕೊಂಡರೆ ಯಾರಿಗೆ ಗೊತ್ತಾಗುತ್ತದೆ? ನನಗೆ ಜಾಸ್ತಿ ಭಯ ಈ ಎರಡನೆಯದ್ದರದ್ದೇ.

ಹಾಗಂತ ನಿಯಮಕ್ಕೆ ತೂತಿಲ್ಲ ಅಂತಲ್ಲ. ಅದು ಡಾಲರ್ ಎಣಿಸುತ್ತದೆ, ಬೆಲೆ ಏರಿಕೆಯನ್ನಲ್ಲ. ರಾಡು, ಗ್ಯಾಸ್ ತುಟ್ಟಿಯಾದರೂ ಹೋದ ವರ್ಷದಷ್ಟೇ ಕೊಟ್ಟರೆ ಲೆಕ್ಕದಲ್ಲಿ ರಾಜ್ಯ ಪಾಸು. ಶೆಡ್ಡಿನಲ್ಲಿ ಮಾತ್ರ ಹುಡುಗರು ಒಂದೊಂದು ರಾಡನ್ನೂ ಚೋಟುದ್ದ ಆಗುವವರೆಗೆ ಉರಿಸುತ್ತಿರುತ್ತಾರೆ.