ಸರಾಸರಿ 81 ಇದ್ದರೂ ಎಸ್‌ಜಿಪಿಎ 7.80 ಬಂದದ್ದು ಹೇಗೆ?

ಓದುಗರ ಪ್ರಶ್ನೆ: ನಾನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಮೊದಲ ಸೆಮಿಸ್ಟರ್ ಮುಗಿಸಿದ್ದೇನೆ. ಎಂಟೂ ವಿಷಯಗಳ ಅಂಕಗಳನ್ನು ಕೂಡಿ ಎಂಟರಿಂದ ಭಾಗಿಸಿದರೆ 81ಕ್ಕಿಂತ ಹೆಚ್ಚು ಬರುತ್ತದೆ. ಆದರೆ ಫಲಿತಾಂಶದಲ್ಲಿ ಎಸ್‌ಜಿಪಿಎ 7.80 ಎಂದಿದೆ. ಲೆಕ್ಕ ತಪ್ಪಾಗಿದೆಯೇ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. ಎಸ್‌ಜಿಪಿಎ, ಅಂದರೆ ಒಂದು ಸೆಮಿಸ್ಟರ್‌ನ ಗ್ರೇಡ್ ಪಾಯಿಂಟ್ ಸರಾಸರಿ, ಅಂಕಗಳ ಸರಾಸರಿಯಲ್ಲ. ಪ್ರತಿ ವಿಷಯದ ಅಂಕವನ್ನು ಮೊದಲು ಗ್ರೇಡ್ ಪಾಯಿಂಟ್‌ಗೆ ಇಳಿಸಿ, ಆ ಪಾಯಿಂಟನ್ನು ವಿಷಯಕ್ಕೆ ನಿಗದಿಯಾದ ತೂಕದಿಂದ, ಅಂದರೆ ಕ್ರೆಡಿಟ್‌ನಿಂದ, ಗುಣಿಸಿ, ಬಂದ ಒಟ್ಟು ಮೊತ್ತವನ್ನು ಸೆಮಿಸ್ಟರ್‌ನ ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದಾಗ ಸಿಗುವ ಸಂಖ್ಯೆ ಅದು. ನಿಮ್ಮ ಅಂಕಗಳು ಚಹರೆ ಬದಲಿಸುವುದು ಈ ಎರಡು ಹಂತಗಳಲ್ಲಿ.

ಅದಕ್ಕೂ ಮೊದಲು, ಒಂದು ವಿಷಯದ ನೂರು ಅಂಕ ಹೇಗೆ ಕೂಡಿಬರುತ್ತದೆಂದು ನೋಡೋಣ. ಕಾಲೇಜಿನಲ್ಲಿ ನಡೆಯುವ ಟೆಸ್ಟ್, ಅಸೈನ್‌ಮೆಂಟ್, ಲ್ಯಾಬ್ ಇತ್ಯಾದಿಗಳು ಸೇರಿದ ಸಿಐಇಗೆ, ಅಂದರೆ ವಿದ್ಯಾರ್ಥಿಗಳ ಮಾತಿನ ಇಂಟರ್ನಲ್ಸ್‌ಗೆ, 50 ಅಂಕ. ಸೆಮಿಸ್ಟರ್ ಕೊನೆಯ ಥಿಯರಿ ಪರೀಕ್ಷೆಯನ್ನು 100 ಅಂಕಗಳಿಗೆ ನಡೆಸಿ, ಬಂದದ್ದನ್ನು 50ಕ್ಕೆ ಇಳಿಸಲಾಗುತ್ತದೆ. ಇಂಟರ್ನಲ್ಸ್‌ನಲ್ಲಿ 41, ಪರೀಕ್ಷೆಯಲ್ಲಿ 56 ಬಂದವರಿಗೆ 41 ಮತ್ತು 28 ಸೇರಿ 69 ಆಗುತ್ತದೆ. ಹೀಗಾಗಿ ಪರೀಕ್ಷೆಯ ಎರಡು ಅಂಕ ಇಂಟರ್ನಲ್ಸ್‌ನ ಒಂದು ಅಂಕಕ್ಕೆ ಸಮ. ಟೆಸ್ಟುಗಳನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸುವುದು ಒಳ್ಳೆಯದು. 2018ರ ಸ್ಕೀಮ್‌ನಲ್ಲಿ ಈ ಹಂಚಿಕೆ 40 ಮತ್ತು 60 ಇತ್ತು. ಆದ್ದರಿಂದ ಸೀನಿಯರ್‌ಗಳ ಲೆಕ್ಕವನ್ನು ನಿಮ್ಮ ಅಂಕಗಳಿಗೆ ಹಾಗೆಯೇ ಅನ್ವಯಿಸಲಾಗದು.

ಒಟ್ಟು ಅಂಕ ಎಷ್ಟೇ ಇರಲಿ, ಉತ್ತೀರ್ಣರಾಗಲು ಎರಡೂ ಭಾಗಗಳಲ್ಲಿ ಪ್ರತ್ಯೇಕ ಕನಿಷ್ಠ ಮಿತಿ ಇದೆ. ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಪರೀಕ್ಷೆಯಲ್ಲಿ ಶೇಕಡ 35, ಎರಡೂ ಸೇರಿ 100ಕ್ಕೆ 40 ಬರಲೇಬೇಕು. ಇಂಟರ್ನಲ್ಸ್‌ನಲ್ಲಿ 48 ಪಡೆದವರು ಪರೀಕ್ಷೆಯಲ್ಲಿ 32 ತೆಗೆದರೆ ಮೊತ್ತವೇನೋ 64 ಆಗುತ್ತದೆ, ಆದರೆ ಗ್ರೇಡ್ ಎಫ್ ಆಗಿರುತ್ತದೆ.

ಇನ್ನು ಮೊದಲ ಹಂತ. 90 ಮತ್ತು ಮೇಲಿನ ಅಂಕಗಳಿಗೆ ಓ ಗ್ರೇಡ್, 10 ಪಾಯಿಂಟ್. 80ರಿಂದ 89ಕ್ಕೆ ಎ ಪ್ಲಸ್, 9. 70ರಿಂದ 79ಕ್ಕೆ ಎ, 8. 60ರಿಂದ 69ಕ್ಕೆ ಬಿ ಪ್ಲಸ್, 7. 55ರಿಂದ 59ಕ್ಕೆ ಬಿ, 6. 50ರಿಂದ 54ಕ್ಕೆ ಸಿ, 5. 40ರಿಂದ 49ಕ್ಕೆ ಪಿ, 4. ಅದರ ಕೆಳಗೆ ಎಫ್, ಸೊನ್ನೆ. ಇಲ್ಲಿ 70 ಪಡೆದವರೂ 79 ಪಡೆದವರೂ ಒಂದೇ. 69 ಮತ್ತು 70ರ ನಡುವೆ ಮಾತ್ರ ಒಂದು ಇಡೀ ಪಾಯಿಂಟಿನ ಅಂತರ. ಇದು ನ್ಯಾಯವೇ ಎಂದು ಕೇಳಿದರೆ, ನನಗಂತೂ ಪೂರ್ತಿ ಹಾಗೆನಿಸುವುದಿಲ್ಲ. ಆದರೂ ಗಡಿಯನ್ನು ಎಲ್ಲಿ ಎಳೆದರೂ ಅದರ ಆಚೆ ಈಚೆ ಯಾರಾದರೂ ನಿಂತೇ ಇರುತ್ತಾರೆ.

ಎರಡನೆಯ ಹಂತ ಕ್ರೆಡಿಟ್. ನಿಮ್ಮಂಥದ್ದೇ ಫಲಿತಾಂಶವೊಂದನ್ನು ಊಹಿಸಿಕೊಳ್ಳೋಣ. ನಾಲ್ಕು ಕ್ರೆಡಿಟ್‌ಗಳ ಗಣಿತದಲ್ಲಿ 69, ನಾಲ್ಕು ಕ್ರೆಡಿಟ್‌ಗಳ ಭೌತಶಾಸ್ತ್ರದಲ್ಲಿ 79, ತಲಾ ಮೂರು ಕ್ರೆಡಿಟ್‌ಗಳ ಮೂರು ವಿಷಯಗಳಲ್ಲಿ 76, 68, 66, ಸಾಂಸ್ಕೃತಿಕ ಕನ್ನಡದಂತಹ ಒಂದೊಂದೇ ಕ್ರೆಡಿಟ್‌ನ ಮೂರು ವಿಷಯಗಳಲ್ಲಿ 98, 97, 96 ಬಂದಿವೆ ಎನ್ನಿ. ನೇರ ಸರಾಸರಿ 81.13. ಆದರೆ ಗ್ರೇಡ್ ಪಾಯಿಂಟ್‌ಗಳನ್ನು ಕ್ರೆಡಿಟ್‌ನಿಂದ ಗುಣಿಸಿದರೆ ಕ್ರಮವಾಗಿ 28, 32, 24, 21, 21 ಮತ್ತು ಮೂರು ಸಲ 10, ಒಟ್ಟು 156. ಅದನ್ನು 20 ಕ್ರೆಡಿಟ್‌ಗಳಿಂದ ಭಾಗಿಸಿದರೆ 7.80. ನೇರ ಸರಾಸರಿಯನ್ನು ಮೇಲೆತ್ತಿದ ಆ ಮೂರು ದೊಡ್ಡ ಅಂಕಗಳಿಗೆ ಇಪ್ಪತ್ತರಲ್ಲಿ ಮೂರು ಪಾಲಿನ ತೂಕವಷ್ಟೇ ಇದೆ. ಗ್ರೇಡ್ ಪಾಯಿಂಟ್‌ಗಳಿಂದ ನಿಮಗೆ ನಷ್ಟವಾಗಿದೆ ಎಂದೂ ತಿಳಿಯಬೇಡಿ: ಅಂಕಗಳನ್ನೇ ಕ್ರೆಡಿಟ್‌ಗೆ ತಕ್ಕಂತೆ ತೂಗಿದ್ದರೆ 75.65 ಮಾತ್ರ ಬರುತ್ತಿತ್ತು.

ಈ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಹೊತ್ತಿನಲ್ಲಿ. ಮೇಲಿನ ಉದಾಹರಣೆಯ ಗಣಿತದ 69, ಮೊದಲು ಹೇಳಿದಂತೆ 41 ಮತ್ತು 28 ಸೇರಿ ಬಂದದ್ದು ಎನ್ನಿ; ಅದರ ಉತ್ತರಪತ್ರಿಕೆಯಲ್ಲಿ ಎರಡೇ ಅಂಕ ಹೆಚ್ಚಾದರೂ 56 ಹೋಗಿ 58 ಆಗುತ್ತದೆ, ಒಟ್ಟು 70 ಆಗುತ್ತದೆ, ಎಸ್‌ಜಿಪಿಎ 8.00ಕ್ಕೆ ಏರುತ್ತದೆ. ಭೌತಶಾಸ್ತ್ರದ 79ಕ್ಕೂ ಅಷ್ಟೇ ಲಾಭವಿದೆ. ಆದರೆ 66ರ ವಿಷಯದಲ್ಲಿ ಆರು ಅಂಕ ಏರಿ ಒಟ್ಟು 69 ಆದರೂ ಎಸ್‌ಜಿಪಿಎ ಕದಲುವುದಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಗಡಿಗೆ ಹತ್ತಿರವಿರುವ, ಕ್ರೆಡಿಟ್ ಹೆಚ್ಚಿರುವ ವಿಷಯವನ್ನು ಆರಿಸಿ, ಸಾಧ್ಯವಾದರೆ ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿ ನೋಡಿ.

ಮುಂದೆ ಎಲ್ಲ ಸೆಮಿಸ್ಟರ್‌ಗಳನ್ನೂ ಸೇರಿಸಿದ ಸಿಜಿಪಿಎ ಲೆಕ್ಕದಲ್ಲೂ ಇದೇ ನಿಯಮ. ಎರಡು ಸೆಮಿಸ್ಟರ್‌ಗಳ ಕ್ರೆಡಿಟ್ ಸಮವಾಗಿದ್ದರೆ ಎಸ್‌ಜಿಪಿಎಗಳ ನೇರ ಸರಾಸರಿಯೇ ಸರಿಹೋಗುವುದರಿಂದ ಹಲವರು ಅದನ್ನೇ ಸೂತ್ರವೆಂದು ನಂಬಿಬಿಡುತ್ತಾರೆ. ಕ್ರೆಡಿಟ್ ಬೇರೆಯಾದೊಡನೆ ಅದು ಕೈಕೊಡುತ್ತದೆ: 24 ಕ್ರೆಡಿಟ್‌ಗಳಲ್ಲಿ 7.50, 16 ಕ್ರೆಡಿಟ್‌ಗಳಲ್ಲಿ 9.00 ಬಂದರೆ ಉತ್ತರ 8.25 ಅಲ್ಲ, 8.10.

ಸ್ವಾಯತ್ತ ಕಾಲೇಜುಗಳಲ್ಲಿರುವವರು ತಮ್ಮ ಕಾಲೇಜಿನ ನಿಯಮಾವಳಿಯನ್ನೇ ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯು ನಿಗದಿತ ಅಂಕದ ಗಡಿಗಳ ಪದ್ಧತಿಗೂ, ತರಗತಿಯ ಉಳಿದವರ ಸಾಧನೆಗೆ ಹೋಲಿಸಿ ಗ್ರೇಡ್ ಕೊಡುವ ಸಾಪೇಕ್ಷ ಪದ್ಧತಿಗೂ ಅವಕಾಶ ನೀಡಿದೆ. ಎರಡನೆಯದರಲ್ಲಿ 72 ಅಂಕಕ್ಕೆ ಯಾವ ಗ್ರೇಡ್ ಎಂಬುದು ಇಡೀ ತರಗತಿಯ ಫಲಿತಾಂಶ ಬಂದ ಮೇಲಷ್ಟೇ ತಿಳಿಯುತ್ತದೆ.