ಬಾಟಲಿ ಹಚ್ಚಿಸಿದರೆ ಶಕ್ತಿ ಬರುತ್ತಾ?

ಈ ವಾರವೂ ಅದೇ ಪ್ರಶ್ನೆ. ಈ ಸಲ ಕೇಳಿದವರು ಮಾನ್ವಿ ಕಡೆಯವರು: "ಅಪ್ಪಗ ಹೊಟ್ಟಿ ಆಪರೇಷನ್ ಆಗಿ ಆರು ದಿನ ಆತು. ಡಾಕ್ಟ್ರು ಊಟ ಕೊಡ್ರಿ ಅಂದಾರ. ಎರಡು ತುತ್ತು ಉಂಡು ಸಾಕಂತಾರ. ಭಾಳ ಸುಸ್ತು. ಎರಡು ಬಾಟ್ಲಿ ಗ್ಲೂಕೋಸ್ ಹಚ್ಚಿಸಿದ್ರ ಶಕ್ತಿ ಬರ್ತದಲ್ರೀ ಮೇಡಂ?"

ಬರುವುದಿಲ್ಲ. ರಾಯಚೂರಿನಲ್ಲಿ ಡಯಟೀಷಿಯನ್ ಕೆಲಸಕ್ಕೆ ಸೇರಿದಾಗಿನಿಂದ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಬರೆದೇ ಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಮುಂದಿನ ಸಲ ಬಾಟಲಿ ನೇತು ಹಾಕಿದಾಗ ಅದರ ಚೀಟಿ ಓದಿ. 'ಡೆಕ್ಸ್‌ಟ್ರೋಸ್ 5%' ಅಂತ ಇರುತ್ತದೆ. ಅಂದರೆ 500 ಮಿಲಿ ನೀರಿನಲ್ಲಿ 25 ಗ್ರಾಂ ಗ್ಲೂಕೋಸ್. ಸುಮಾರು ಐದು ಚಮಚ ಸಕ್ಕರೆ ಅನ್ನಿ. ಅದರಿಂದ ಸಿಗುವುದು ಹೆಚ್ಚುಕಡಿಮೆ 85 ಕ್ಯಾಲೊರಿ. ನಮ್ಮ ಕಡೆಯ ಜೋಳದ ರೊಟ್ಟಿ ಅರ್ಧ ಮುರಿದರೆ ಅಷ್ಟೇ ಆಗುತ್ತದೆ. ಚೀಟಿಯ ಮೇಲೆ 'ನಾರ್ಮಲ್ ಸಲೈನ್' ಅಂತಿದ್ದರೆ ಆ ಅರ್ಧ ರೊಟ್ಟಿಯೂ ಇಲ್ಲ. ಅದು ನಾಲ್ಕೂವರೆ ಗ್ರಾಂ ಉಪ್ಪು ಹಾಕಿದ ನೀರು. ಅದರಲ್ಲಿ ಕ್ಯಾಲೊರಿ ಸೊನ್ನೆ.

50 ಕಿಲೋ ತೂಕದ ರೋಗಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ ಬೇಕು. ಅಷ್ಟನ್ನೂ ಈ ಗ್ಲೂಕೋಸಿನಿಂದಲೇ ಕೊಡುತ್ತೇನೆ ಅಂದರೆ 18 ಬಾಟಲಿ, 9 ಲೀಟರ್ ಏರಿಸಬೇಕು. ಅಷ್ಟು ನೀರು ತಡೆಯೋ ಹೃದಯ ಯಾರಿಗಿದೆ?

"ಹಳದಿ ಬಾಟ್ಲಿ ಹಾಕ್ರಿ, ಅದು ಸ್ಟ್ರಾಂಗ್ ಇರ್ತದ" ಅನ್ನುವವರೂ ಇದ್ದಾರೆ. ಅದೇ ಬಾಟಲಿಗೆ ವಿಟಮಿನ್ ಇಂಜೆಕ್ಷನ್ ಸೇರಿಸಿದಾಗ ಬರುವ ಬಣ್ಣ ಅದು. ವಿಟಮಿನ್‌ನಲ್ಲೂ ಕ್ಯಾಲೊರಿ ಇಲ್ಲ.

ಹಾಗಾದರೆ ಬಾಟಲಿ ಹಚ್ಚಿದ ಮೇಲೆ ಎದ್ದು ಕೂತವರನ್ನು ನಾವೇ ನೋಡಿದ್ದೇವಲ್ಲ ಅನ್ನುತ್ತೀರಿ. ನಾನೂ ನೋಡಿದ್ದೇನೆ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಹೊಲದಲ್ಲಿ ಕುಸಿದವರಿಗೆ, ವಾಂತಿ-ಭೇದಿಯಾದವರಿಗೆ ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾಗಿರುತ್ತದೆ. ನರಕ್ಕೆ ನೇರ ಕೊಟ್ಟರೆ ತಾಸೆರಡು ತಾಸಿನಲ್ಲಿ ಕಣ್ಣು ಬಿಡುತ್ತಾರೆ. ಅವರಿಗೆ ಅದು ಜೀವ ಉಳಿಸೋ ಔಷಧ. ಅದನ್ನು ನೋಡಿದ ಊರು, ಎಲ್ಲ ಸುಸ್ತಿಗೂ ಅದೇ ಮದ್ದು ಅಂದುಕೊಂಡಿತು. ನಿಮ್ಮ ತಂದೆಯವರ ಸುಸ್ತು ಬೇರೆ. ಅವರ ಮೈಗೆ ಅನ್ನ ಕಡಿಮೆಯಾಗಿದೆ.

ನನಗೆ ಸಿಟ್ಟು ಬರೋದು ಬಾಟಲಿ ಮೇಲಲ್ಲ. ಅದು ತೂಗುತ್ತಿರುವಾಗ ಮನೆಯವರು ಊಟ ನಿಲ್ಲಿಸುತ್ತಾರಲ್ಲ, ಅದರ ಮೇಲೆ. ವಾರ್ಡಿಗೆ ಹೋದರೆ ಮಂಚದ ಕೆಳಗೆ ಬುತ್ತಿ ಕಟ್ಟಿದ ಹಾಗೇ ಇರುತ್ತದೆ. ನಾಲ್ಕು ಮಂದಿ ಹನಿ ಬೀಳೋದನ್ನೇ ನೋಡುತ್ತಾ ಕೂತಿರುತ್ತಾರೆ. ಕೇಳಿದರೆ, "ಬಾಟ್ಲಿ ಮುಗೀಲಿ ಮೇಡಂ, ಆಮ್ಯಾಲ ಉಣಸ್ತೀವಿ." ಅದು ಮುಗಿಯುವಷ್ಟರಲ್ಲಿ ಸಂಜೆ ಆಗಿರುತ್ತದೆ, ಅನ್ನ ಹಳಸಿರುತ್ತದೆ. ಡಾಕ್ಟರು ಬಾಯಿಗೆ ಏನೂ ಕೊಡಬೇಡಿ ಅಂದಿರದಿದ್ದರೆ, ಬಾಟಲಿ ಹನಿಯುತ್ತಿರುವಾಗಲೇ ಉಣಿಸಿ. ಏನೂ ಆಗುವುದಿಲ್ಲ. ಇನ್ನು ಸಕ್ಕರೆ ಕಾಯಿಲೆ, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ನೀವಾಗಿಯೇ ಹೇಳಿ ಬಾಟಲಿ ಹಾಕಿಸುವುದು ಅಪಾಯ. ಶುಗರ್ ಏರಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು.

ನರದ ಮೂಲಕ ಪೂರ್ತಿ ಊಟ ಕೊಡುವ ವಿಧಾನವೂ ಇದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಅನ್ನುವ ಸರ್ಜನ್ ಬೀಗಲ್ ನಾಯಿಮರಿಗಳನ್ನು ಹಾಗೆಯೇ ಬೆಳೆಸಿ ತೋರಿಸಿದರು. ಅದಕ್ಕೆ ಗಟ್ಟಿ ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು ಎಲ್ಲ ಬೇಕು. ಕೈಯ ಸಣ್ಣ ನರ ಅದನ್ನು ತಡೆಯೋದಿಲ್ಲ, ಹೃದಯದ ಹತ್ತಿರದ ದೊಡ್ಡ ನರಕ್ಕೇ ಕೊಡಬೇಕು. ಕರುಳು ಕೆಲಸ ಮಾಡದವರಿಗೆ ಮಾತ್ರ ಅದು. ನಿಮ್ಮ ಓಣಿಯ ಕ್ಲಿನಿಕ್ಕಿನ ಬಾಟಲಿಗೂ ಅದಕ್ಕೂ ಸಂಬಂಧವಿಲ್ಲ.

ಸರಿ, ಏನು ಕೊಡಬೇಕು? ಎರಡು ತುತ್ತು ಉಣ್ಣುವವರಿಗೆ ಎರಡೆರಡು ತಾಸಿಗೆ ಎರಡೆರಡು ತುತ್ತು. ಬರೀ ತಿಳಿ ಗಂಜಿ ಬೇಡ, ಅದೂ ಹೆಚ್ಚಾಗಿ ನೀರೇ. ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ತುಪ್ಪ ಬಿಡಿ. ಮುಖ್ಯ ಬೇಕಾಗಿರೋದು ಪ್ರೋಟೀನ್. ಅದು ಸಾಲದಿದ್ದರೆ ಮೈ ತನ್ನದೇ ತೊಡೆ, ತೋಳಿನ ಮಾಂಸ ಕರಗಿಸಿ ಗಾಯ ಮಾಯಿಸುತ್ತದೆ. 50 ಕಿಲೋದವರಿಗೆ ದಿನಕ್ಕೆ 60 ಗ್ರಾಂ ಆದರೂ ಬೇಕು. ಒಂದು ಮೊಟ್ಟೆಯಲ್ಲಿ ಬರೋದು 6 ಗ್ರಾಂ. ಹಾಗಾಗಿ ಮೊಟ್ಟೆ, ಹಾಲು, ಗಟ್ಟಿ ಬೇಳೆ, ಮೊಸರು, ಶೇಂಗಾ ಪುಡಿ ಎಲ್ಲ ಸೇರಿದರೇ ಲೆಕ್ಕ ಹತ್ತಿರ ಬರುತ್ತದೆ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಕೇಳಿ ಕೊಡಿ. ಬೇಳೆ, ಮೊಟ್ಟೆ ತಿಂದರೆ ಹೊಲಿಗೆ ಕೀವಾಗುತ್ತಾ? ಆಗಲ್ಲ. ಕೀವು ಬರೋದು ಸೋಂಕಿನಿಂದ.

ವಾರಗಟ್ಟಲೆ ಏನೂ ತಿನ್ನದವರಿಗೆ ಮಾತ್ರ ಒಂದೇ ದಿನ ತುರುಕಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ತಟ್ಟನೆ ಇಳಿದು ಜೀವಕ್ಕೇ ಬರಬಹುದು. ಅಂಥವರಿಗೆ ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ಏರಿಸುತ್ತಾರೆ.

ಬಾಯಲ್ಲಿ ಇಳಿಯದಿದ್ದರೆ ಮೂಗಿನ ಪೈಪ್ ಇದೆ. ನೀವು ಇದನ್ನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಾಟಲಿ ಅಂದರೆ ಕುಣಿಯುವ ಮನೆಯವರೇ ಈ ಪೈಪ್ ಅಂದರೆ ಅಳುತ್ತಾರೆ, ಕೊನೇ ಸ್ಟೇಜ್ ಅಂತ. ಇದಕ್ಕೆ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ರೈಲಿಗೂ ಅದಕ್ಕೂ ಸಂಬಂಧವಿಲ್ಲ, ರೈಲ್ ಅನ್ನುವ ಇಂಗ್ಲಿಷ್ ಡಾಕ್ಟರ ಹೆಸರು. ಕರುಳು ಚೆನ್ನಾಗಿದ್ದು, ನುಂಗೋಕೆ ಮಾತ್ರ ಆಗದಿದ್ದರೆ ಇದರಲ್ಲಿ ದಿನದ 1500 ಕ್ಯಾಲೊರಿಯನ್ನೂ ಕೊಡಬಹುದು. ಲಕ್ವ ಹೊಡೆದವರಲ್ಲಿ ಎಷ್ಟೋ ಮಂದಿ ಕೆಲವು ವಾರ ಇದರಲ್ಲೇ ಉಂಡು, ನುಂಗೋದು ಸರಿಯಾದ ಮೇಲೆ ತೆಗೆಸಿಕೊಂಡು ಮನೆಗೆ ಹೋಗಿದ್ದಾರೆ. ತಲೆದಿಂಬಿನ ಕಡೆ ಮಂಚ ಎತ್ತರ ಮಾಡಿ ಕೊಡಬೇಕು, ಕೊಟ್ಟ ಮೇಲೆ ಅರ್ಧ ತಾಸಾದರೂ ಹಾಗೇ ಕೂರಿಸಬೇಕು, ಕೊನೆಗೆ ಸ್ವಲ್ಪ ನೀರು ಬಿಟ್ಟು ಪೈಪ್ ತೊಳೆಯಬೇಕು.

ದೇವದುರ್ಗದ ಅಜ್ಜಿಯೊಬ್ಬರು ಪುಂಡಿಪಲ್ಯವನ್ನು ಮಿಕ್ಸಿಗೆ ಹಾಕಿ ಬಿಡಬಹುದಾ ಅಂತ ಕೇಳಿದ್ದರು. ನಾರು ಜಾಸ್ತಿ, ಪೈಪ್ ಕಟ್ಟಿಕೊಳ್ಳುತ್ತದೆ. ಅದೊಂದನ್ನು ಪೈಪ್ ತೆಗೆದ ಮೇಲೆ ಕೊಡಿ ಅಂದೆ.